ಜಂಟಿ ಮಾಲೀಕರು

ಜೂನ್ ೪

ಮಾನ್ಯರೆ,

ನನ್ನ ಮಗಳಿಗೂ ತಮಗೂ ವಿಚ್ಛೇದನವಾದ ಮೇಲೆ ನಮ್ಮಿಬ್ಬರ ನಡುವೆ ಉಳಿದಿರುವುದು ನಾವು ಜಂಟಿಯಾಗಿ ಕೊಂಡ ಆ ಮೂಲೆಮನೆ ಒಂದೇ. ಅದರ ಬಗ್ಗೆ ಏನಿದ್ದರೂ ಬರವಣಿಗೆಯಲ್ಲಿರಲಿ, ಫೋನು ಬೇಡ ಎಂದು ವಕೀಲರು ಹೇಳಿದ್ದಾರೆ. ಫೋನಿನಲ್ಲಿ ಮಾತಾಡಿದಾಗಲೆಲ್ಲ ಏನಾಯಿತೆಂಬುದು ತಮ್ಮ ಕನ್ನಡಕದಂಗಡಿಯ ಗಿರಾಕಿಗಳಿಗೂ ಗೊತ್ತು, ನಮ್ಮ ಬೀದಿಯವರಿಗೂ ಗೊತ್ತು. ಹಾಗಾಗಿ ಈ ಕಾಗದ.

ಮಹಡಿಯ ಬಚ್ಚಲಿನಿಂದ ಕೆಳಗಿನ ಮನೆಯ ಅಡುಗೆಮನೆಗೆ ನೀರು ಸೋರುತ್ತಿದೆ. ಕೆಳಗೆ ಬಾಡಿಗೆಗಿರುವ ಟೈಲರಮ್ಮ ಒಲೆಯ ಮೇಲೆ ಛತ್ರಿ ತೂಗುಹಾಕಿಕೊಂಡು ಅಡುಗೆ ಮಾಡುತ್ತಿದ್ದಾರೆ. ನಾನು ಉಪ್ಪುಖಾರ ಹಚ್ಚಿ ಬರೆಯುತ್ತಿಲ್ಲ, ಕಣ್ಣಾರೆ ಕಂಡದ್ದು. "ನಾನು ಬಾಡಿಗೆ ಕೊಡ್ತಿರೋದು ಮನೆಗೋ ಬಸ್ ಸ್ಟಾಪಿಗೋ, ಅದನ್ನಾದರೂ ಹೇಳಿ" ಎಂದು ಕೇಳಿದರು. 

ಆ ಬಚ್ಚಲಿಗೆ ಟೈಲ್ಸ್ ಹಾಕಿಸಿದ್ದು ತಾವು. ಟೈಲ್ಸ್ ಕೂರಿಸುವ ಮುಂಚೆ ನೆಲದ ಮೇಲೆ ನೀರು ನಿಲ್ಲಿಸಿ, ಮಾರನೆಯ ದಿನ ಕೆಳಗೆ ಹೋಗಿ ಚಾವಣಿಯನ್ನು ಕೈಯಿಂದ ಮುಟ್ಟಿ ನೋಡಬೇಕು ಎಂದು ನಾನು ಬಡಕೊಂಡೆ. ನೀರು ಸರಬರಾಜು ಇಲಾಖೆಯಲ್ಲಿ ಪೈಪು ನೋಡಿಯೇ ನಿವೃತ್ತನಾದವನ ಮಾತು ತಮಗೆ ರುಚಿಸಲಿಲ್ಲ. ಟೈಲ್ಸಿನ ಬಣ್ಣ ಯಾವುದಿರಲಿ ಎಂದು ಚರ್ಚಿಸಲು ಮಾತ್ರ ವಾರಗಟ್ಟಲೆ ಪುರುಸೊತ್ತಿತ್ತು.

ಈಗ ನೆಲ ಒಡೆಯಬೇಕು. ಒಡೆಯಲು ಇಬ್ಬರ ಒಪ್ಪಿಗೆಯೂ ಬೇಕು. ದಯವಿಟ್ಟು ಬೇಗ ಬರೆದು ತಿಳಿಸುವುದು.

ಮನೆಯಲ್ಲಿ ಎಲ್ಲರೂ ಕ್ಷೇಮ.

ಇಂತಿ,
ಅರ್ಧ ಮನೆಯ ಮಾಲೀಕ


ಜೂನ್ ೧೧

ಮಾನ್ಯರೆ,

ನೆಲ ಒಡೆಯಲು ನನ್ನ ಒಪ್ಪಿಗೆಯಿದೆ. ಈ ಕಾಗದವನ್ನೇ ಒಪ್ಪಿಗೆಯೆಂದು ತಿಳಿಯಿರಿ.

ಆದರೆ ಒಂದು ಮಾತು. ಈ ಮನೆಯನ್ನು ನಾವು ಕೊಂಡದ್ದು ಇಟ್ಟುಕೊಳ್ಳುವುದಕ್ಕಲ್ಲ. ಹಳೆಯದನ್ನು ಅಗ್ಗಕ್ಕೆ ಕೊಂಡು, ದುರಸ್ತಿ ಮಾಡಿ, ವರ್ಷದೊಳಗೆ ಮಾರುವುದೆಂದು ನಿಮ್ಮ ಮನೆಯ ಜಗಲಿಯ ಮೇಲೆ ಕೂತು ಮಾತಾಡಿಕೊಂಡದ್ದು. ನೀವೇ ಹೇಳಿದ್ದಿರಿ, ಮೊದಲು ಚಾವಣಿ, ಆಮೇಲೆ ನೀರು, ಆಮೇಲೆ ಕರೆಂಟು, ಬಣ್ಣ ಕಟ್ಟಕಡೆಗೆ ಎಂದು. ಆಮೇಲೆ ನೀವೇ ಮುಂಬಾಗಿಲಿಗೆ ಮೊದಲು ಪಾಲಿಶ್ ಮಾಡಿಸಿದಿರಿ, ಬೀದಿಯವರು ನೋಡಿ ಮೆಚ್ಚಲಿ ಎಂದು. ಮೇಲೆ ಹೆಂಚು ಬದಲಾಯಿಸುವಾಗ ಆ ಬಾಗಿಲಿನ ಮೇಲೆ ಗಾರೆ ಬಿದ್ದು ಎರಡನೆಯ ಸಲ ಪಾಲಿಶ್ ಮಾಡಿಸಬೇಕಾಯಿತು. ಇದನ್ನು ನಾನು ಹಿಂದೆ ಎತ್ತಿರಲಿಲ್ಲ, ಟೈಲ್ಸಿನ ಮಾತು ಬಂತಾದ್ದರಿಂದ ಬರೆಯುತ್ತಿದ್ದೇನೆ.

ಸೋರುವುದು ನಿಂತೊಡನೆ ಮನೆಯನ್ನು ಮಾರಾಟಕ್ಕಿಡೋಣ. ನಾನಿರುವ ಊರಿಗೂ ಅಲ್ಲಿಗೂ ಅರ್ಧ ದಿನದ ಬಸ್ಸು. ದೂರದಲ್ಲಿ ಕೂತು ಮನೆ ಬಾಡಿಗೆಗೆ ಕೊಡುವುದು ನನ್ನಿಂದಾಗದು. ಇದರಿಂದ ಕೈತೊಳೆದುಕೊಂಡರೆ ಎಲ್ಲರಿಗೂ ಒಳ್ಳೆಯದು.

ಎಲ್ಲರೂ ಕ್ಷೇಮವೆಂದು ತಿಳಿದು ಸಮಾಧಾನವಾಯಿತು.

ಇಂತಿ,
ಇನ್ನರ್ಧದ ಮಾಲೀಕ


ಜುಲೈ ೨

ಮಾನ್ಯರೆ,

ನೆಲ ಒಡೆಸಿದೆ. ತಪ್ಪು ಟೈಲ್ಸಿನದಲ್ಲ. ಇದನ್ನು ಬರೆಯಲು ನನಗೇನೂ ಸಂತೋಷವಿಲ್ಲ. ಹಿಂದಿನ ಮಾಲೀಕ ಹಳೆಯ ಬಚ್ಚಲಿನ ಕೊಳವೆಯ ಬಾಯಿ ಮುಚ್ಚದೆ, ಅದರ ಮೇಲೆ ಬಟ್ಟೆ ತುರುಕಿ, ಸಿಮೆಂಟು ಮೆತ್ತಿ ನಮಗೆ ಮಾರಿದ್ದಾನೆ. ಆ ಬಟ್ಟೆ ಕೊಳೆತು ನೀರು ದಾರಿ ಮಾಡಿಕೊಂಡಿದೆ. ಇಷ್ಟು ದಿನ ನಿಮ್ಮನ್ನು ಬೈದದ್ದೆಲ್ಲ ವ್ಯರ್ಥವಾಯಿತು. ಕೊಳವೆ ಮುಚ್ಚಿಸಿ, ನೀರು ನಿಲ್ಲಿಸಿ, ಪರೀಕ್ಷೆ ಮಾಡಿಯೇ ಹೊಸ ಟೈಲ್ಸ್ ಹಾಕಿಸಿದ್ದೇನೆ. ಬಣ್ಣ ಅಂಗಡಿಯವನ ಬಳಿ ಏನಿತ್ತೋ ಅದು. ಟೈಲರಮ್ಮ ಛತ್ರಿ ಇಳಿಸಿದ್ದಾರೆ, ಮಡಚಿಲ್ಲ. ಒಲೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ. ನಂಬಿಕೆ ಅಷ್ಟರಲ್ಲಿದೆ.

ಮಾರುವ ವಿಚಾರ. ಈಗ ಮಾರುವುದು ಮೂರ್ಖತನ. ನಮ್ಮ ಬೀದಿಯಿಂದ ಆ ಬೀದಿಯವರೆಗೆ ನಡೆದು ನೋಡಿದೆ, ಗೇಟಿಗೆ ಮಾರಾಟದ ಬೋರ್ಡು ತಗುಲಿಸಿದ ಮನೆಗಳೇ ಕಾಣುತ್ತವೆ. ಎಲ್ಲರೂ ಮಾರುವಾಗ ನಾವೂ ಮಾರಲು ನಿಂತರೆ ಕೊಳ್ಳುವವನು ನಮ್ಮ ತಲೆಯ ಮೇಲೆ ಕೂರುತ್ತಾನೆ. ಖಾಲಿ ಬಿಟ್ಟರೂ ಮನೆ ಹಾಳು, ಕಿಟಕಿ ತೆರೆಯುವವರಿಲ್ಲದೆ ಗೋಡೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಸೆಂಟು, ಸೋಪು ಮಾರುವ ಮನುಷ್ಯ. ಒಬ್ಬಂಟಿ. ಸದಾ ನಗುಮುಖ. ನಾನು ಬಾಗಿಲು ತೆರೆಯುವ ಮೊದಲೇ "ಹಿರಿಯರು ಮೊದಲು ಒಳಗೆ ಬರಬೇಕು" ಎಂದು ಪಕ್ಕಕ್ಕೆ ಸರಿದು ನಿಂತ. ಇಂಥ ನಡತೆ ಈಗ ಎಲ್ಲಿ ಸಿಗುತ್ತದೆ.

ಮನೆಯಲ್ಲಿ ಎಲ್ಲರೂ ಕ್ಷೇಮ. ಮಗಳಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಹೆಚ್ಚಾಗಿದೆ, ಅಷ್ಟೆ.

ಇಂತಿ,
ಅರ್ಧ ಮನೆಯ ಮಾಲೀಕ


ಜುಲೈ ೯

ಮಾವನವರಿಗೆ,

ಮಾನ್ಯರೆ ಎಂದು ಬರೆದು ನಿಮ್ಮನ್ನು ಬೈಯಲು ಆಗುವುದಿಲ್ಲ, ಅದಕ್ಕೆ ಹಳೆಯ ರೂಢಿಯಂತೆ ಬರೆಯುತ್ತಿದ್ದೇನೆ.

ಬಚ್ಚಲಿನ ನೆಲ ಒಡೆಯಲು ಇಬ್ಬರ ಒಪ್ಪಿಗೆ ಬೇಕು, ಮಹಡಿಯನ್ನು ಇನ್ನೊಬ್ಬನ ಕೈಗೆ ಕೊಡಲು ಒಬ್ಬರದೇ ಸಾಕೋ? ಸರಿ, ಕೊಟ್ಟಾಯಿತು. ಈಗ ಹೇಳಿ. ಅವನ ಗುರುತಿನ ಚೀಟಿ ನೋಡಿದಿರಾ? ಸೆಂಟು ಮಾರುವುದು ಯಾವ ಅಂಗಡಿಯಲ್ಲಿ, ಆ ಅಂಗಡಿಗೆ ಹೋಗಿದ್ದಿರಾ? ಹಿಂದೆ ಇದ್ದ ಮನೆಯವರನ್ನು ವಿಚಾರಿಸಿದಿರಾ? ವಿಚಾರಿಸುವುದಾದರೆ ಈಗ ಬಿಟ್ಟು ಬಂದ ಮನೆಯವರನ್ನಲ್ಲ, ಅದಕ್ಕೂ ಹಿಂದಿನ ಮನೆಯವರನ್ನು. ಕಾಟ ಕೊಡುವ ಬಾಡಿಗೆದಾರ ತೊಲಗಿದರೆ ಸಾಕೆಂದು ಕಾಯುತ್ತಿರುವ ಮಾಲೀಕ ಅವನನ್ನು ದೇವರಂಥವನು ಎಂದೇ ಹೇಳುತ್ತಾನೆ. ಮನೆ ಕೊಡುವ ಮೊದಲು ಗೋಡೆ, ನಲ್ಲಿ, ಕಿಟಕಿ ಗಾಜು ಎಲ್ಲದರ ಫೋಟೋ ತೆಗೆದಿದ್ದೀರಾ? ಕರಾರು ಪತ್ರ ಬರೆದವರು ಯಾರು? ದಯವಿಟ್ಟು ಅವನೇ ಬರೆದು ತಂದ ಎಂದು ಹೇಳಬೇಡಿ.

ಪಕ್ಕಕ್ಕೆ ಸರಿದು ನಿಲ್ಲುವುದು ನಡತೆಯಲ್ಲ. ನನ್ನ ಅಂಗಡಿಯಲ್ಲಿ ಸಾಲ ಹೇಳಿ ಹೋದವರೆಲ್ಲ ಬಾಗಿಲಲ್ಲಿ ನನಗೆ ದಾರಿ ಬಿಟ್ಟವರೇ.

ರಾತ್ರಿ ಪಾಳಿಯ ನಂತರ ಆಸ್ಪತ್ರೆಯಿಂದ ಬರಲು ಬಸ್ಸು ಸಿಗುತ್ತದೆಯೇ? ಸುಮ್ಮನೆ ಕೇಳಿದೆ.

ಇಂತಿ,
ಕನ್ನಡಕದವನು


ಆಗಸ್ಟ್ ೧೭

ಅಳಿಯಂದಿರಿಗೆ,

ಕರಾರು ಪತ್ರ ಅವನೇ ಬರೆದು ತಂದದ್ದು.

ನೀನು ಬರೆದ ಪ್ರಶ್ನೆಗಳಿಗೆ ಉತ್ತರಿಸದೆ ಇಷ್ಟು ದಿನ ಸುಮ್ಮನಿದ್ದುದಕ್ಕೆ ಇದೇ ಕಾರಣ. ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಅವನು ಅಲ್ಲಿ ವಾಸ ಮಾಡುತ್ತಲೇ ಇಲ್ಲ. ಪ್ರತಿ ಕೋಣೆಗೂ ಬೇರೆ ಬೀಗ ಹಾಕಿಸಿ, ಊರೂರು ಸುತ್ತುವ ಮಾರಾಟದವರಿಗೆ ದಿನಬಾಡಿಗೆಗೆ ಕೊಟ್ಟಿದ್ದಾನೆ. ಟೈಲರಮ್ಮ ನನ್ನನ್ನು ಕರೆದು ಮೆಟ್ಟಿಲ ಕೆಳಗೆ ನಿಲ್ಲಿಸಿ, "ಇದು ಯಾರದು, ಇದು ಯಾರದು" ಎಂದು ಒಂದೊಂದೇ ಜೋಡಿ ಚಪ್ಪಲಿ ತೋರಿಸಿದರು. ಮಹಡಿಗೆ ಹೋದರೆ ಯಾರೋ ಒಬ್ಬ ಮುಖಕ್ಕೆ ಸೋಪು ಹಚ್ಚಿಕೊಂಡು ಬಂದು, "ಯಾರು ಬೇಕು?" ಎಂದು ನನ್ನನ್ನೇ ಕೇಳಿದ. ನನ್ನ ಮನೆಯಲ್ಲಿ, ನನ್ನನ್ನು.

ನಗುಮುಖದವನನ್ನು ವಿಚಾರಿಸಿದರೆ ಇನ್ನಷ್ಟು ನಗುತ್ತಾನೆ. ನಾನು ಕೂಗಾಡಿದರೆ ನೀರು ತಂದುಕೊಡುತ್ತಾನೆ. ತಲೆ ಚಿಟ್ಟುಹಿಡಿದಿದೆ.

ನಿನಗೆ ಬಿಡುವಿದ್ದರೆ ಒಮ್ಮೆ ಬರಬೇಕಾದೀತು. ಬಿಡುವಿಲ್ಲದಿದ್ದರೆ ಬೇಡ.

ಇಂತಿ,
ಮಾವ


ಆಗಸ್ಟ್ ೩೦

ಮಾವನವರಿಗೆ,

ಊರು ತಲುಪಿದೆ. ಬಸ್ಸಿನಲ್ಲಿ ಕೂತು ಯೋಚಿಸಿದ್ದನ್ನು ಮರೆಯುವ ಮೊದಲು ಬರೆಯುತ್ತಿದ್ದೇನೆ.

ಆ ಮನುಷ್ಯ ಮೂರು ಮಾತಿಗೆ ಖಾಲಿ ಮಾಡಲು ಒಪ್ಪಿದ್ದು ನನ್ನ ಚಾಲಾಕಿನಿಂದ ಅಲ್ಲ. ಅವನ ಮುಂಗಡವನ್ನು ಪೂರ್ತಿ ವಾಪಸ್ಸು ಕೊಡುತ್ತೇವೆ ಎಂದದ್ದಕ್ಕೆ. ನೀವು ನನ್ನ ತೋಳು ಹಿಡಿದು ಎಳೆದಿರಿ, "ಒಂದು ಕಾಸೂ ಕೊಡಬೇಡ, ಕೋರ್ಟಿಗೆ ಹೋಗೋಣ" ಎಂದು. ಕೋರ್ಟಿಗೆ ಹೋಗಬಹುದಿತ್ತು. ತೀರ್ಪು ಬರುವ ಹೊತ್ತಿಗೆ ಅವನು ಮೆಟ್ಟಿಲಿಗೂ ಬೀಗ ಹಾಕಿಸಿ ಬಾಡಿಗೆಗೆ ಕೊಟ್ಟಿರುತ್ತಿದ್ದ. ಕೆಲವರನ್ನು ಗೆಲ್ಲುವುದಕ್ಕಿಂತ ಕಳಿಸುವುದು ಅಗ್ಗ. ಕೋಪ ತೀರಿಸಿಕೊಳ್ಳಬೇಕಾದರೆ ನನಗೆ ಕಾಗದ ಬರೆಯಿರಿ.

ಇನ್ನು ಕರಾರು ಪತ್ರ. 'ಬಾಡಿಗೆದಾರರು ಮತ್ತು ಅವರು ಕರೆತರುವ ಯಾರೇ ಆದರೂ ವಾಸಿಸಬಹುದು' ಎಂದು ಎರಡನೆಯ ಪುಟದಲ್ಲಿಯೇ ಇದೆ. "ಓದಲಿಲ್ಲವಾ?" ಎಂದು ಕೇಳಿದೆ. "ಓದಿದೆ" ಎಂದಿರಿ. ಆಗ ಪತ್ರವನ್ನು ಕೈಯಲ್ಲಿ ಹಿಡಿದ ರೀತಿ ನೋಡಿದೆ. ತೋಳು ಇನ್ನಷ್ಟು ಉದ್ದ ಇದ್ದಿದ್ದರೆ ಓದುತ್ತಿದ್ದಿರೋ ಏನೋ. ಮೂಗಿನ ಮೇಲಿದ್ದದ್ದು ನಾನು ಮದುವೆಯಾದ ಹೊಸದರಲ್ಲಿ ಮಾಡಿಕೊಟ್ಟ ಕನ್ನಡಕ. ಒಂದು ಕಡ್ಡಿಗೆ ದಾರ ಸುತ್ತಿದೆ.

"ಬೇರೆ ಅಂಗಡಿಗೆ ಹೋಗಬಾರದಿತ್ತಾ?" ಎಂದು ಕೇಳಿದ್ದಕ್ಕೆ, "ಬೇರೆಯವರ ಹತ್ತಿರ ಕಣ್ಣು ತೋರಿಸಿ ಅಭ್ಯಾಸ ಇಲ್ಲ" ಎಂದಿರಿ. ಊರಲ್ಲಿ ನಾನಿಲ್ಲ ಎಂದು ಕುರುಡರಾಗಿ ಕೂರುವ ಹಟವೇ?

ನಿಮ್ಮನ್ನು ಖಾಲಿ ಮಹಡಿಯಲ್ಲಿ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿ, ಕ್ಯಾಲೆಂಡರಿನ ಅಂಕಿ ಓದಿಸಿದ್ದು ಸರಿಯಾದ ಪರೀಕ್ಷೆಯಲ್ಲ. ಆದರೂ ನನ್ನ ಪೆಟ್ಟಿಗೆಯಲ್ಲಿದ್ದ ಗಾಜುಗಳಿಂದ ಅಂದಾಜು ಸಿಕ್ಕಿತು. ಹೊಸ ಕನ್ನಡಕ ಪಾರ್ಸೆಲ್ಲಿನಲ್ಲಿ ಬರುತ್ತಿದೆ. ಹತ್ತಿರದ್ದಕ್ಕೂ ದೂರದ್ದಕ್ಕೂ ಅದೇ. ಮೊದಲ ಕೆಲವು ದಿನ ಮೆಟ್ಟಿಲು ಇಳಿಯುವಾಗ ನೆಲ ಮೇಲೆ ಬಂದಂತೆ ಕಾಣುತ್ತದೆ, ಗೋಡೆ ಹಿಡಿದು ಇಳಿಯಿರಿ.

ಅದನ್ನು ಹಾಕಿಕೊಂಡು ಮೊದಲು ಓದಬೇಕಾದದ್ದು ಇದು: ಮನೆಯನ್ನು ಮಾರಲೇಬೇಕು. ನಿಮಗೆ ಮನೆ ನಡೆಸುವುದು ಬರುವುದಿಲ್ಲ ಎಂದಲ್ಲ. ಜನರನ್ನು ನಂಬುವವರಿಗೆ ಈ ಕಸುಬು ಹೇಳಿದ್ದಲ್ಲ.

ಇಂತಿ,
ಅಳಿಯ


ಸೆಪ್ಟೆಂಬರ್ ೧೫

ಅಳಿಯಂದಿರಿಗೆ,

ಕನ್ನಡಕ ಬಂತು. ಇದೆಂಥ ಶಿಕ್ಷೆ. ಇದನ್ನು ಹಾಕಿಕೊಂಡು ಮೂಲೆಮನೆಗೆ ಹೋದೆ. ಪಶ್ಚಿಮದ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ನೆಲದವರೆಗೆ ಬಿರುಕಿದೆ. ಅಡುಗೆಮನೆಯ ಬಾಗಿಲಿನ ಚೌಕಟ್ಟು ಗೆದ್ದಲು ತಿಂದು ಜೊಳ್ಳಾಗಿದೆ. ಮಹಡಿಯ ಮೆಟ್ಟಿಲು ಒಂದು ಎತ್ತರ, ಒಂದು ಗಿಡ್ಡ. ಇಷ್ಟು ದಿನ ಇದು ಚಂದದ ಮನೆ ಎಂದು ತಿಳಿದಿದ್ದೆ. ಟೈಲರಮ್ಮನ ಹತ್ತಿರ ಹೇಳಿದರೆ, "ಅಯ್ಯೋ, ಅದೆಲ್ಲ ನಾನು ಬಂದ ದಿನದಿಂದ ಇದೆಯಲ್ಲ ಸಾರ್" ಎಂದರು, ನಾನೇ ಹೊಸಬ ಎನ್ನುವ ಹಾಗೆ.

ಮಾರಲು ಒಪ್ಪಿದ್ದೇನೆ. ಸಾಕಾಗಿದೆ. ದಲ್ಲಾಳಿಯನ್ನು ಗೊತ್ತುಮಾಡಿದ್ದೇನೆ, ಈ ಸಲ ಅವನು ಹಿಂದೆ ಮಾರಿಸಿಕೊಟ್ಟ ಮನೆಗಳಿಗೆ ಹೋಗಿ ವಿಚಾರಿಸಿಯೇ. ಮನೆ ತೋರಿಸುವ ಹೊತ್ತಿಗೆ ಯಾರಾದರೂ ಒಬ್ಬ ಮಾಲೀಕರು ಅಲ್ಲಿರಬೇಕಲ್ಲ, ನಾನಿರುತ್ತೇನೆ.

ನೀನು ಬಂದಿದ್ದ ಸುದ್ದಿಯನ್ನು ಮನೆಯಲ್ಲಿ ಮಗಳಿಗೆ ಹೇಳಿದೆ. "ಹೌದಾ" ಎಂದಳು. ಆಮೇಲೆ ನನ್ನ ಮೂಗಿನ ಮೇಲಿಂದ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ತಿರುಗಿ ಹಾಕಿದಳು.

ಇಂತಿ,
ಮಾವ


ನವೆಂಬರ್ ೩

ಮಾವನವರಿಗೆ,

ಒಂದೂವರೆ ತಿಂಗಳಾಯಿತು. ಎಷ್ಟೋ ಜನ ಬಂದು ನೋಡಿ ಹೋದರು ಎಂದು ಬರೆಯುತ್ತೀರಿ, ಒಬ್ಬರೂ ಎರಡನೆಯ ಸಲ ಬಂದಿಲ್ಲ. ನಾವು ಹೇಳಿದ್ದು ಆಸೆಬುರುಕರ ಬೆಲೆಯಲ್ಲ. ಮನೆ ಬಸ್ಸಿಗೆ ಹತ್ತಿರ, ಶಾಲೆಗೆ ಹತ್ತಿರ. ಗೋಡೆಗೆ ತಿಳಿಬಣ್ಣ ಹೊಡೆಸಿರಿ, ಕಿಟಕಿ ತೆರೆದಿಡಿ, ಖಾಲಿ ಕೋಣೆಯಲ್ಲಿ ಎರಡು ಕುರ್ಚಿ ಹಾಕಿರಿ ಎಂದೆಲ್ಲ ಬರೆದೆ. ಹಾಗೇ ಮಾಡಿದ್ದೇನೆ ಎನ್ನುತ್ತೀರಿ. ಮತ್ತೆ ಏನು ಕೊರತೆ? ದಲ್ಲಾಳಿ ಫೋನು ತೆಗೆಯುತ್ತಿಲ್ಲ. ತೆಗೆದರೂ "ಯಜಮಾನರನ್ನೇ ಕೇಳಿ" ಎಂದು ಇಟ್ಟುಬಿಡುತ್ತಾನೆ.

ನನಗೂ ಇಲ್ಲಿ ಅಂಗಡಿ ದೊಡ್ಡದು ಮಾಡಬೇಕಿದೆ. ಎಷ್ಟು ದಿನ ಹೀಗೆ?

ಇಂತಿ,
ಅಳಿಯ


ನವೆಂಬರ್ ೧೦

ನಿನಗೆ,

ಈ ಕಾಗದ ನೋಡಿ ಗಾಬರಿಯಾಗಬೇಡ. ಅಪ್ಪ ಚೆನ್ನಾಗಿದ್ದಾರೆ. ಚೆನ್ನಾಗಿರುವುದೇ ಕಷ್ಟವಾಗಿದೆ.

ನಿಮ್ಮ ದಲ್ಲಾಳಿ ನಾನು ಎಕ್ಸ್‌ರೇ ತೆಗೆಯುವ ಕೋಣೆಯ ಹೊರಗೆ ರೋಗಿಗಳ ಸಾಲಿನಲ್ಲಿ ಕೂತಿದ್ದ. ಎಲ್ಲಿ ಮೂಳೆ ಮುರಿದಿದೆ ಎಂದು ಕೇಳಿದರೆ, "ಅಕ್ಕಾ, ಮನೆ ತೋರಿಸೋ ಹೊತ್ತಿಗೆ ನಿಮ್ಮಪ್ಪನ್ನ ಎಲ್ಲಾದರೂ ಕಳಿಸಿಬಿಡಿ, ನಿಮ್ಮ ಕೈ ಮುಗೀತೀನಿ" ಎಂದ. ವಿಷಯ ಇಷ್ಟು. ಕೊಳ್ಳುವವರು ಬಂದೊಡನೆ ಅಪ್ಪ ಅವರಿಗೆ ಮೊದಲು ಪಶ್ಚಿಮದ ಗೋಡೆಯ ಬಿರುಕು ತೋರಿಸುತ್ತಾರಂತೆ. ಆಮೇಲೆ ಗೆದ್ದಲು ಹಿಡಿದ ಚೌಕಟ್ಟಿಗೆ ಬೆರಳು ತೂರಿಸಿ ತೋರಿಸುತ್ತಾರಂತೆ. ಮೆಟ್ಟಿಲು ಹತ್ತಿಸಿ, ಎಡವಿದವರಿಗೆ "ನೋಡಿದಿರಾ, ಎಲ್ಲರೂ ಎಡವುತ್ತಾರೆ" ಎನ್ನುತ್ತಾರಂತೆ. ಒಬ್ಬರು ಮುಂಗಡ ಕೊಡಲು ಜೇಬಿಗೆ ಕೈ ಹಾಕಿದ್ದರು. ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಚರಂಡಿಯ ಕಲ್ಲು ಎತ್ತಿಸಿ ವಾಸನೆ ತೋರಿಸಿದರಂತೆ.

ನಾನು ಅಪ್ಪನನ್ನು ಕೇಳಿದೆ. "ಸುಳ್ಳು ಹೇಳಿ ಮಾರೋ ಜನ ಅಲ್ಲ ನಾವು" ಎಂದರು. ನ್ಯಾಯವಾದ ಮಾತೇ. ಆದರೆ ನೀನು ಬರೆದ ಪ್ರತಿ ಕಾಗದವನ್ನೂ ಊಟದ ಮೇಜಿನ ಹತ್ತಿರ ಗಟ್ಟಿಯಾಗಿ ಓದಿ ಬೈಯುವವರೂ ಅವರೇ. ಒಮ್ಮೆ ಓದಿ ಬೈಯುತ್ತಾರೆ. ಕೈತೊಳೆದು ಬಂದು ಇನ್ನೊಮ್ಮೆ ಓದಿ ಬೈಯುತ್ತಾರೆ. ಕಾಗದ ಬರುವುದು ತಡವಾದರೆ ಯಾರನ್ನೂ ಬೈಯುವುದಿಲ್ಲ, ಅನ್ನ ಕಲಸಿಕೊಂಡು ಕೂತಿರುತ್ತಾರೆ. ಏನು ಅರ್ಥ ಮಾಡಿಕೊಳ್ಳುತ್ತೀಯೋ ಮಾಡಿಕೊ.

ಇನ್ನೊಂದು ಮಾತು ಹೇಳಬೇಕು, ಇಷ್ಟು ದಿನ ಹೇಳಿರಲಿಲ್ಲ. ನಾನು ನಿನ್ನನ್ನು ಮದುವೆಯಾದೆ, ಸಂಸಾರ ಮಾಡಿದ್ದು ನೀನೂ ಅಪ್ಪನೂ. ಆ ಮನೆ ಕೊಂಡ ಮೇಲೆ ಸಂಜೆ ನೀವಿಬ್ಬರೂ ಅಲ್ಲಿ, ಭಾನುವಾರವೂ ಅಲ್ಲಿ. ಮನೆಗೆ ಬಂದರೆ ಮರಳು, ಜಲ್ಲಿ, ಪೈಪು. ನಾನು ಬಡಿಸಿಕೊಂಡು ಕೂತಿದ್ದರೆ ನನ್ನ ತಲೆಯ ಮೇಲಿಂದ ಮಾತು ಹಾಯುತ್ತಿತ್ತು. ಒಂದು ದಿನ ನನಗೆ ಜ್ವರವಿತ್ತು. ಇಬ್ಬರೂ ಬಾಗಿಲಲ್ಲಿ ನಿಂತು ಬಚ್ಚಲಿಗೆ ಯಾವ ಬಣ್ಣ ಎಂದು ನನ್ನನ್ನು ಕೇಳಿದಿರಿ. ಆವತ್ತೇ ನನಗೆ ಸಾಕಾಯಿತು. ನಿನ್ನ ಮೇಲೆ ಕೋಪ ಈಗಿಲ್ಲ. ವಾಪಸ್ಸು ಬರುವ ಯೋಚನೆಯೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಆ ಮನೆಯನ್ನು ತೊಲಗಿಸಿ. ನಾನು ಅದರ ಎದುರಿನ ಬಸ್‌ಸ್ಟಾಪಿನಲ್ಲಿ ದಿನಾ ನಿಲ್ಲಬೇಕು.

ಇಂತಿ,
ನಾನು


ನವೆಂಬರ್ ೧೮

ಮಾವನವರಿಗೆ,

ನೀವು ದಲ್ಲಾಳಿಗಿಂತ ಹೆಚ್ಚು ಮನೆ ತೋರಿಸುತ್ತಿದ್ದೀರಿ ಎಂದು ತಿಳಿಯಿತು.

ಬಿರುಕು ಇದೆ ಎಂದು ಹೇಳುವುದು ಪ್ರಾಮಾಣಿಕತೆ. ಹೇಳಲೇಬೇಕು. ನಮಗೆ ಬಟ್ಟೆ ತುರುಕಿದ ಕೊಳವೆ ಮಾರಿದವನ ಹಾಗೆ ನಾವಾಗಬಾರದು. ಆದರೆ ಬಿರುಕು ಇದೆ, ಇಂಜಿನಿಯರಿಗೆ ತೋರಿಸಿದ್ದೇವೆ, ಅದು ಗಾರೆಯದು, ಗೋಡೆಯದಲ್ಲ, ಇಷ್ಟರಲ್ಲಿ ಸರಿಹೋಗುತ್ತದೆ, ಅದನ್ನು ಬೆಲೆಯಲ್ಲಿ ಇಳಿಸಿದ್ದೇವೆ ಎಂದು ಹೇಳುವುದು ಬೇರೆ. ಚೌಕಟ್ಟಿಗೆ ಬೆರಳು ತೂರಿಸುವುದು ಬೇರೆ. ಚರಂಡಿಯ ಕಲ್ಲು ಎತ್ತಿಸಿದ್ದನ್ನು ಏನೆಂದು ಕರೆಯಲಿ? ಕನ್ನಡಕ ಮಾಡಿಕೊಟ್ಟ ತಪ್ಪಿಗೆ ನನ್ನ ತಲೆಯ ಮೇಲೆ ನಾನೇ ಕೈಹೊತ್ತು ಕೂತಿದ್ದೇನೆ.

ನಿಮಗೆ ಮಾರಲು ಇಷ್ಟವಿಲ್ಲದಿದ್ದರೆ ನನಗೆ ಹೇಳಬಹುದಿತ್ತು. ಬಂದವರಿಗೆಲ್ಲ ಹೇಳಿ, ನನಗೊಬ್ಬನಿಗೆ ಹೇಳಲಿಲ್ಲ. ನಾಳೆ ಇನ್ನೊಬ್ಬರು ಬಂದರೆ ದಯವಿಟ್ಟು ನಿಮ್ಮ ಮನೆಯಲ್ಲೇ ಇರಿ. ಟೈಲರಮ್ಮನ ಹತ್ತಿರ ಬೀಗದ ಕೈ ಕೊಡಿ, ಅವರೇ ತೋರಿಸಲಿ.

ಇಂತಿ,
ಅಳಿಯ


ಡಿಸೆಂಬರ್ ೨೦

ಅಳಿಯಂದಿರಿಗೆ,

ನೀನು ಹೇಳಿದಂತೆಯೇ ಮಾಡಿದೆ. ಬೀಗದ ಕೈ ಟೈಲರಮ್ಮನಿಗೆ ಕೊಟ್ಟೆ. ಅದು ಹೀಗೆ ತಿರುಗುತ್ತದೆ ಎಂದು ನಿನಗೂ ಗೊತ್ತಿರಲಿಲ್ಲ, ಒಪ್ಪಿಕೊ.

ಮಹಡಿ ತೋರಿಸಲು ಎರಡು ವಾರ ಹತ್ತಿಳಿದ ಮೇಲೆ ಆಕೆಯೇ ಮನೆಗೆ ಬಂದರು, ಜೊತೆಗೆ ಅವರ ಅಣ್ಣ. ಕಾಫಿ ಬೇಡ ಎಂದು ನೇರವಾಗಿ ಮಾತಿಗೆ ಬಂದರು. "ಬಂದವರಿಗೆಲ್ಲ ತೋರಿಸಿ ತೋರಿಸಿ ನನಗೇ ಆಸೆಯಾಯ್ತು ಸಾರ್. ಕೆಳಗೆ ವಾಸ, ಮೇಲೆ ಹೊಲಿಗೆ ಕ್ಲಾಸು. ನಾವಿಬ್ಬರೂ ಸೇರಿ ತಗೋತೀವಿ."

ನಾನು ಪಶ್ಚಿಮದ ಗೋಡೆ ಎಂದೆ. "ಗೊತ್ತು ಸಾರ್, ಬೀರು ಇಟ್ಟಿದೀನಿ ಅದಕ್ಕೆ." ಚೌಕಟ್ಟು ಎಂದೆ. "ಪ್ರತಿ ವಾರ ನಾನೇ ಔಷಧಿ ಹೊಡೀತೀನಿ." ಚರಂಡಿ ಎಂದೆ. "ಅದರ ವಾಸನೆ ತಗೊಂಡೇ ಇಷ್ಟು ವರ್ಷ ಹೊಲಿದಿದೀನಿ." ಮೆಟ್ಟಿಲು ಎನ್ನುವಷ್ಟರಲ್ಲಿ ಆಕೆ, "ಇನ್ನೇನಾದರೂ ಇದೆಯಾ?" ಎಂದು ಕೇಳಿದರು.  ಆ ಮನೆಯಲ್ಲಿ ಅವರನ್ನು ಹೆದರಿಸುವಂಥದ್ದು ಒಂದೂ ಇರಲಿಲ್ಲ.

ಬೆಲೆಯಲ್ಲಿ ಸ್ವಲ್ಪ ಜಗ್ಗಾಡಿದರು. ಛತ್ರಿಯ ಲೆಕ್ಕವನ್ನೂ ಹಿಡಿದರು. ಒಪ್ಪಿದೆ. ದಲ್ಲಾಳಿ ಮುನಿಸಿಕೊಂಡಿದ್ದ, ಅವನ ಪಾಲನ್ನೂ ಕೊಡುವುದೆಂದು ಹೇಳಿ ಕಳಿಸಿದೆ, ಅವನೂ ಪಾಪ ಆಸ್ಪತ್ರೆಯ ಸಾಲಿನಲ್ಲಿ ಕೂತವನು.

ಜನವರಿ ಮೊದಲ ವಾರ ನೋಂದಣಿ. ಇಬ್ಬರ ಸಹಿಯೂ ಬೇಕು. ಬೆಳಗಿನ ಬಸ್ಸಿಗೆ ಬಂದರೆ ಸಂಜೆಯ ಬಸ್ಸಿಗೆ ಹೋಗಬಹುದು.

ನಿನ್ನ ಕಾಗದದ ಬೇರೆ ಮಾತುಗಳಿಗೆ ನಾನು ಉತ್ತರ ಬರೆದಿಲ್ಲ. ಬರೆಯಲು ಕೂತೆ, ಆಗಲಿಲ್ಲ.

ಇಂತಿ,
ಮಾವ


ಫೆಬ್ರವರಿ ೨೨

ಅಳಿಯಂದಿರಿಗೆ,

ಮನೆಯ ವಿಷಯ ಮುಗಿದಿದೆ, ಆದ್ದರಿಂದ ಬರೆಯಲು ವಿಷಯವೇನೂ ಇಲ್ಲ. ಆದರೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಟೈಲರಮ್ಮ ಮುಂದಿನ ಗೋಡೆಗೆ ಕಡು ಹಸಿರು ಬಣ್ಣ ಹೊಡೆಸಿದ್ದಾರೆ. ಬಸ್‌ಸ್ಟಾಪಿನಲ್ಲಿ ನಿಂತವರ ಮುಖವೂ ಹಸಿರಾಗಿ ಕಾಣುತ್ತದೆ ಎಂದು ಮಗಳು ಹೇಳಿದಳು. ಅವಳು ನಕ್ಕು ಬಹಳ ದಿನವಾಗಿತ್ತು. ಹೊಸ ಗಾರೆ ಒಣಗಿತೋ ಇಲ್ಲವೋ ಎಂದು ನಾನು ಆಗಾಗ ಅತ್ತ ಹೋಗಿ ನೋಡಿ ಬರುತ್ತಿದ್ದೆ. ಕಳೆದ ವಾರ ಆಕೆ ಮೆಷಿನ್ನು ನಿಲ್ಲಿಸಿ, "ಸಾರ್, ನಿಮಗೆ ಬೇರೆ ಮನೆ ಕೊಡಿಸ್ಲಾ?" ಎಂದು ಕೇಳಿದರು. ಅರ್ಥವಾಯಿತು. ಈಗ ಹೋಗುತ್ತಿಲ್ಲ.

ಹಾಗೆ ನಡೆದು ಹೋಗುವಾಗ ಮಾರ್ಕೆಟ್ಟಿನ ಹಿಂದೆ ಒಂದು ಚಿಕ್ಕ ಮನೆ ಕಣ್ಣಿಗೆ ಬಿತ್ತು. ಎರಡೇ ಕೋಣೆ. ಚಾವಣಿ ಒಂದು ಕಡೆ ಕುಸಿದಿದೆ, ಬಾವಿಗೆ ಮರ ಬಿದ್ದಿದೆ, ಕಿಟಕಿಗಳಿಗೆ ಕದವೇ ಇಲ್ಲ. ಯಾರೂ ತಿರುಗಿ ನೋಡುತ್ತಿಲ್ಲವಾದ್ದರಿಂದ ಅಗ್ಗಕ್ಕೆ ಸಿಗಬಹುದು. ನೀನು ಬೇಡ ಎನ್ನುತ್ತೀಯೆಂದು ಗೊತ್ತು. ಸುಮ್ಮನೆ ಬರೆದೆ.

ಇಂತಿ,
ಮಾವ


ಮಾರ್ಚ್ ೧

ಮಾವನವರಿಗೆ,

ಬೇಡ.

ನಿಮಗೆ ಬುದ್ಧಿ ಎಂದು ಬರುತ್ತದೆ? ಕುಸಿದ ಚಾವಣಿ ಎನ್ನುತ್ತೀರಿ, ತೊಲೆ ಗಟ್ಟಿಯಿದೆಯೋ ಇಲ್ಲವೋ ನೋಡಿದಿರಾ? ಬಾವಿಯೊಳಗೆ ಬಿದ್ದ ಮರ ತೆಗೆಸಲು ಯಂತ್ರ ತರಿಸಬೇಕು, ಆ ಸಂದಿಯಲ್ಲಿ ಯಂತ್ರ ನುಗ್ಗುತ್ತದೆಯೇ? ಮಾರ್ಕೆಟ್ಟಿನ ಹಿಂದೆ ಎಂದರೆ ಸಂಜೆಯ ಕಸವೆಲ್ಲ ಎಲ್ಲಿಗೆ ಬಂದು ಬೀಳುತ್ತದೆ? ಮನೆ ನೋಡಬೇಕಾದರೆ ಬಿಸಿಲಿನಲ್ಲಿ ಒಮ್ಮೆ, ಮಳೆಯಲ್ಲಿ ಒಮ್ಮೆ, ಮಾರ್ಕೆಟ್ಟು ಮುಚ್ಚಿದ ಮೇಲೆ ಒಮ್ಮೆ ನೋಡಬೇಕು. ಅದು ಯಾರ ಹೆಸರಿನಲ್ಲಿದೆ, ಅಣ್ಣತಮ್ಮಂದಿರ ವ್ಯಾಜ್ಯವಿದೆಯೇ ಎಂದು ನೋಂದಣಿ ಕಚೇರಿಯಲ್ಲಿ ಕೇಳಿದಿರಾ? ಕೇಳಿರುವುದಿಲ್ಲ. ಯಾರೋ ಪಕ್ಕಕ್ಕೆ ಸರಿದು ನಿಂತಿರುತ್ತಾರೆ, ನೀವು ಒಳಗೆ ಹೋಗಿರುತ್ತೀರಿ.

ನಾನು ಇನ್ನು ಯಾವ ಮನೆಯಲ್ಲೂ ಪಾಲುದಾರನಾಗುವುದಿಲ್ಲ. ಒಂದು ಮನೆಯಿಂದ ಏನಾಯಿತೋ ಅಷ್ಟು ಸಾಕು. ಕಾಗದ ಪತ್ರ, ಜಂಟಿ ಸಹಿ ಇದ್ಯಾವುದಕ್ಕೂ ನನ್ನನ್ನು ಎಳೆಯಬೇಡಿ.

ಆದರೆ ನೀವು ಹಟ ಮಾಡಿದರೆ ಒಬ್ಬರೇ ಹೋಗಿ ಆ ತೊಲೆಯ ಕೆಳಗೆ ನಿಂತು ಮೇಲೆ ನೋಡುತ್ತೀರಿ, ಅದು ನನಗೆ ಗೊತ್ತು. ಮುಂದಿನ ಶನಿವಾರ ಅಂಗಡಿ ಮುಚ್ಚಿ ಬರುತ್ತೇನೆ. ನೋಡಿ, ಬೇಡ ಎಂದು ಹೇಳಿ, ಭಾನುವಾರ ವಾಪಸ್ಸು. ಅಲ್ಲಿಯವರೆಗೆ ಯಾವುದಕ್ಕೂ ಸಹಿ ಹಾಕಬೇಡಿ. ಅಲ್ಲಿ ಉಳಿಯಲು ಹೋಟೆಲು ಯಾವುದು ಒಳ್ಳೆಯದು ಬರೆಯಿರಿ.

ಇಂತಿ,
ಅಳಿಯ


ಮಾರ್ಚ್ ೬

ಅಳಿಯಂದಿರಿಗೆ,

ಹೋಟೆಲಿನ ವಿಷಯ ಮಗಳನ್ನು ಕೇಳಿದೆ. ಅವಳು ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಳು. ನಿನ್ನ ಕಾಗದ ತೆಗೆದುಕೊಂಡು ನಿಂತಲ್ಲೇ ಪೂರ್ತಿ ಓದಿದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ, ನನ್ನದೇನೂ ಸೇರಿಸಿಲ್ಲ.

"ಹೋಟೆಲ್ ಯಾಕೆ, ಮುಂದಿನ ರೂಮು ಖಾಲಿ ಇದೆಯಲ್ಲ, ಒಂದು ರಾತ್ರಿ ಮಲಗಲಿ. ಆದರೆ ಊಟಕ್ಕೆ ಕೂತಾಗ ಚಾವಣಿ, ತೊಲೆ, ಬಾವಿ ಅಂತ ಒಂದು ಮಾತು ಬಂದರೂ ಇಬ್ಬರನ್ನೂ ಹೊರಗೆ ಹಾಕ್ತೀನಿ. ಬಾಡಿಗೆದಾರರನ್ನ ಹೊರಗೆ ಹಾಕೋದು ಹೇಗೆ ಅಂತ ನಿಮ್ಮ ಕಾಗದ ಕೇಳಿ ಕೇಳಿಯೇ ಕಲಿತಿದ್ದೀನಿ."

ಕೋಣೆಯನ್ನು ಆಗಲೇ ಗುಡಿಸಿದ್ದಾಳೆ. ಬರುವಾಗ ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಬಾ, ಅಲ್ಲಿ ನೆಲದ ತುಂಬ ಮೊಳೆ ಬಿದ್ದಿವೆ.

ಇಂತಿ,
ಮಾವ